ವಿಶ್ವವಿದ್ಯಾಲಯವೋ, ಮ್ಯೂಸಿಯಮ್ಮೋ, ಆರ್ಕೈವೋ? ಜಗತ್ತಿನ ಆಧುನಿಕ ಕಲೆಯ ಇತಿಹಾಸ ಓದುವವರಿಗೆ ದಾರಿ ಆರಿಸಲು ಒಂದು ಹೋಲಿಕೆ

ಆಧುನಿಕ ಮತ್ತು ಸಮಕಾಲೀನ ಕಲೆಯ ಇತಿಹಾಸವನ್ನೇ ವೃತ್ತಿ ಮಾಡಿಕೊಳ್ಳಬೇಕು ಅಂತ ಹೊರಟವರು ಮೊದಲು ಕೇಳುವುದು ಇದನ್ನು: ಪಿಎಚ್.ಡಿ. ಮಾಡಲೋ, ಮ್ಯೂಸಿಯಂ ಸೇರಲೋ? ಕೇಳಬೇಕಾದ್ದೇ. ಆದರೆ ಅದಕ್ಕೂ ಮೊದಲು ಇನ್ನೊಂದು ತೀರ್ಮಾನ ಆಗಬೇಕು. ಯಾವ ಪ್ರದೇಶದ, ಯಾವ ಭಾಷೆಯ, ಯಾವ ದಶಕಗಳ ಕಲೆಯ ಜೊತೆ ನೀವು ಹತ್ತು ವರ್ಷ ಬೇಸರವಿಲ್ಲದೆ ಇರಬಲ್ಲಿರಿ? ಇದಕ್ಕೆ ಉತ್ತರ ಸಿಕ್ಕರೆ ಕೆಲಸದ ಪ್ರಶ್ನೆ ಅರ್ಧ ಬಗೆಹರಿದ ಹಾಗೆ. ಇದನ್ನು ಬಿಟ್ಟು ಕೆಲಸವನ್ನೇ ಮೊದಲು ಆರಿಸಲು ಹೋದರೆ ಎಲ್ಲ ದಾರಿಗಳೂ ಒಂದೇ ಥರ ಕಾಣುತ್ತವೆ.

ಮುಖ್ಯವಾದ ದಾರಿಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಎಲ್ಲಕ್ಕೂ ಸಮನಾಗಿ ಜಾಗ ಕೊಟ್ಟಿಲ್ಲ. ನನ್ನ ಒಲವು ಎತ್ತ ಇದೆ ಎಂಬುದನ್ನೂ ಮುಚ್ಚಿಟ್ಟಿಲ್ಲ.

ನಕ್ಷೆ ಬದಲಾಯಿತು, ಕೆಲಸವೂ ಬದಲಾಯಿತು

1936ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾದ ಮೊದಲ ನಿರ್ದೇಶಕ ಆಲ್ಫ್ರೆಡ್ ಬಾರ್ ಒಂದು ಪ್ರದರ್ಶನಕ್ಕಾಗಿ ನಕ್ಷೆ ಬಿಡಿಸಿದರು. ಆಧುನಿಕ ಕಲೆ ಯುರೋಪಿನ ಒಂದು ಚಳವಳಿಯಿಂದ ಇನ್ನೊಂದಕ್ಕೆ ಹೇಗೆ ಹರಿಯಿತು ಎಂದು ಬಾಣದ ಗುರುತು ಹಾಕಿ ತೋರಿಸಿದ ನಕ್ಷೆ ಅದು. ಜಪಾನಿನ ಮುದ್ರಿತ ಚಿತ್ರಗಳು, ಆಫ್ರಿಕದ ಶಿಲ್ಪ ಅದರಲ್ಲಿ ಇವೆ. ಆದರೆ ಯುರೋಪಿನವರಿಗೆ ಪ್ರೇರಣೆ ಕೊಟ್ಟ ವಸ್ತುಗಳಾಗಿ ಮಾತ್ರ. ಆ ನಾಡುಗಳಲ್ಲೂ ಆಧುನಿಕ ಕಲಾವಿದರು ಇದ್ದಾರೆ ಎಂಬ ಸುಳಿವೇ ಅಲ್ಲಿಲ್ಲ. ಎಷ್ಟೋ ದಶಕ ತರಗತಿಗಳೂ ಗ್ಯಾಲರಿಯ ಗೋಡೆಗಳೂ ಈ ನಕ್ಷೆಯ ಹಿಂದೆಯೇ ನಡೆದವು. ಕ್ಯೂಬಾದ ವಿಫ್ರೆಡೊ ಲಾಮ್ 1943ರಲ್ಲಿ ಬರೆದ 'ದಿ ಜಂಗಲ್' ಚಿತ್ರವನ್ನು ಮೋಮಾ 1945ರಲ್ಲೇ ಕೊಂಡುಕೊಂಡಿತ್ತು. ಆದರೂ ಅದು ಬಹಳ ಕಾಲ ಇದ್ದದ್ದು ಮುಖ್ಯ ಗ್ಯಾಲರಿಗಳಲ್ಲಲ್ಲ, ಕೋಟು ಬಿಚ್ಚಿಡುವ ಕೋಣೆಯ ಹತ್ತಿರದ ಲಾಬಿಯಲ್ಲಿ.

ಇದನ್ನು ಬದಲಿಸಿದವರು ಹೊರಗಿನಿಂದ ಬಂದವರೇ ಜಾಸ್ತಿ. 1984ರಲ್ಲಿ ಕ್ಯೂಬಾದ ಹವಾನಾದಲ್ಲಿ ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಸುವ ದೊಡ್ಡ ಕಲಾಪ್ರದರ್ಶನ, ಶುರುವಾಯಿತು. ಯುರೋಪ್ ಮತ್ತು ಅಮೆರಿಕದ ಅಪ್ಪಣೆಗೆ ಕಾಯದೆ ಲ್ಯಾಟಿನ್ ಅಮೆರಿಕ, ಆಫ್ರಿಕ, ಏಷ್ಯಾದ ಕಲಾವಿದರು ಒಬ್ಬರನ್ನೊಬ್ಬರು ನೋಡುವ ಜಾಗ ಅದಾಯಿತು. 1989ರಲ್ಲಿ ಪ್ಯಾರಿಸ್‌ನಲ್ಲಿ ಒಂದು ದೊಡ್ಡ ಪ್ರದರ್ಶನ ನಡೆಯಿತು. ಅದರಲ್ಲಿ ಅರ್ಧದಷ್ಟು ಕಲಾವಿದರು ಪಶ್ಚಿಮದ ಹೊರಗಿನವರು. ಅದೇ ವರ್ಷ ಲಂಡನ್ನಿನ ಹೇವರ್ಡ್ ಗ್ಯಾಲರಿಯಲ್ಲಿ ಕಲಾವಿದ ರಶೀದ್ ಅರೈನ್, ಬ್ರಿಟನ್‌ನಲ್ಲಿದ್ದ ಏಷ್ಯಾ, ಆಫ್ರಿಕ ಮತ್ತು ಕೆರಿಬಿಯನ್ ಮೂಲದ ಆಧುನಿಕ ಕಲಾವಿದರನ್ನು ಒಟ್ಟಿಗೆ ತಂದರು. ಅರೈನ್ ಓದಿದ್ದು ಸಿವಿಲ್ ಎಂಜಿನಿಯರಿಂಗ್. 1987ರಲ್ಲಿ ಅವರು ಶುರು ಮಾಡಿದ 'ಥರ್ಡ್ ಟೆಕ್ಸ್ಟ್' ಪತ್ರಿಕೆ ಈ ಕ್ಷೇತ್ರದವರು ಈಗಲೂ ಓದಲೇಬೇಕಾದ ಪತ್ರಿಕೆ.

ಇದರ ಫಲ ಈಗ ಕೆಲಸದ ಜಾಹೀರಾತುಗಳಲ್ಲೇ ಕಾಣುತ್ತದೆ. ಹಿಂದೆ 'ಇಪ್ಪತ್ತನೇ ಶತಮಾನದ ಕಲೆ' ಎಂದರೆ ಸಾಕಿತ್ತು. ಈಗ 'ಆಧುನಿಕ ಏಷ್ಯಾದ ಕಲೆ', 'ಆಫ್ರಿಕ ಮತ್ತು ಡಯಾಸ್ಪೊರಾ' (ಆಫ್ರಿಕದಿಂದ ಹೊರಗೆ ಹೋಗಿ ನೆಲೆಸಿದವರು), 'ಜಾಗತಿಕ ಸಮಕಾಲೀನ ಕಲೆ' ಎಂದು ಬಿಡಿಸಿ ಕೇಳುತ್ತಾರೆ.

ಇಲ್ಲೇ ಎಳೆಯರು ದಾರಿ ತಪ್ಪುವುದನ್ನು ನೋಡಿದ್ದೇನೆ. ಜಾಗತಿಕ ಎಂದ ಕೂಡಲೇ ಎಲ್ಲ ಖಂಡಗಳನ್ನೂ ಸ್ವಲ್ಪ ಸ್ವಲ್ಪ ಓದಿಕೊಂಡರೆ ಆಯಿತು ಅಂದುಕೊಳ್ಳುತ್ತಾರೆ. ಆಗ ಸಿಗುವುದು ಹೆಸರುಗಳ ಪರಿಚಯ ಮಾತ್ರ. ಈ ಕ್ಷೇತ್ರದಲ್ಲಿ ನಿಂತ ಕೆಲಸಗಳೆಲ್ಲ ಒಂದು ಜಾಗದಲ್ಲಿ ಆಳಕ್ಕೆ ಇಳಿದು, ಅಲ್ಲಿಂದ ಹೊರಟ ಎಳೆಗಳನ್ನು ಹಿಡಿದು ಹೋದವು. ಒಂದು ಉದಾಹರಣೆ ನೋಡಿ. 1922ರ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಜರ್ಮನಿಯ ಕಲಾಶಾಲೆ ಬೌಹೌಸ್‌ನ ಕಲಾವಿದರ ಕೃತಿಗಳ ಪ್ರದರ್ಶನ ನಡೆಯಿತು. ಕ್ಲೀ, ಕ್ಯಾಂಡಿನ್‌ಸ್ಕಿ ಮುಂತಾದವರ ಕೃತಿಗಳ ಪಕ್ಕದಲ್ಲೇ ಬಂಗಾಳದ ಕಲಾವಿದರ ಕೃತಿಗಳೂ ಇದ್ದವು. ಈ ಒಂದೇ ಘಟನೆಯ ಬಗ್ಗೆ ನೆಟ್ಟಗೆ ಬರೆಯಬೇಕಾದರೆ ಜರ್ಮನ್ ಬೇಕು, ಬಂಗಾಳಿ ಬೇಕು, ಇಂಗ್ಲಿಷ್ ಅಂತೂ ಬೇಕೇ ಬೇಕು. ಇತಿಹಾಸಕಾರ ಪಾರ್ಥ ಮಿತ್ತರ್ ಒಂದು ಹಳೆಯ ರೋಗವನ್ನು ಗುರುತಿಸಿ ಹೇಳಿದ್ದಾರೆ: ಪಶ್ಚಿಮದ ಹೊರಗಿನ ಆಧುನಿಕ ಕಲಾವಿದರನ್ನು ಕಂಡರೆ 'ಪಿಕಾಸೊ ಆಗಲು ಹೋಗಿ ಆಗದವರು' ಎಂದು ಓದುವ ಚಟ. ಮೇಲುಮೇಲಿನ ಓದಿನಿಂದ ಈ ಚಟ ಹೋಗುವುದಿಲ್ಲ. ಅವರು ಯಾವ ಪತ್ರಿಕೆ ಓದುತ್ತಿದ್ದರು, ಯಾರ ಜೊತೆ ವಾದ ಮಾಡುತ್ತಿದ್ದರು, ಬಣ್ಣಕ್ಕೆ ಹಣ ಎಲ್ಲಿಂದ ಬರುತ್ತಿತ್ತು ಎಂದು ತಿಳಿದಾಗ ಮಾತ್ರ ಹೋಗುತ್ತದೆ.

ವಿಶ್ವವಿದ್ಯಾಲಯದ ದಾರಿ

ಪಿಎಚ್.ಡಿ. ಎಂದರೆ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಮೊದಲ ಎರಡು-ಮೂರು ವರ್ಷ ತರಗತಿ, ಪರೀಕ್ಷೆ, ಭಾಷಾ ಪರೀಕ್ಷೆ. ಇಂಗ್ಲಿಷ್ ಬಿಟ್ಟು ಎರಡು ಭಾಷೆಗಳನ್ನು ಓದಲು ಬರಬೇಕು ಎಂಬುದು ಅಲ್ಲಿ ಸಾಮಾನ್ಯ ನಿಯಮ. ದೊಡ್ಡ ವಿಭಾಗಗಳಲ್ಲಿ ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತಾರೆ, ಬದಲಿಗೆ ಪಾಠ ಮಾಡಿಸುತ್ತಾರೆ. ಬ್ರಿಟನ್‌ನಲ್ಲಿ ಮತ್ತು ಯುರೋಪಿನ ಬಹಳಷ್ಟು ಕಡೆ ಮೂರು-ನಾಲ್ಕು ವರ್ಷ. ಅಲ್ಲಿ ಮೊದಲ ದಿನದಿಂದಲೇ ಪ್ರಬಂಧದ ಕೆಲಸ. ಅಂದರೆ ವಿಷಯ ಮೊದಲೇ ಖಚಿತವಾಗಿರಬೇಕು, ಹಣವನ್ನು ಎಷ್ಟೋ ಸಲ ಬೇರೆಯಾಗಿ ಹುಡುಕಬೇಕು.

ಹಾಗಾಗಿ ಹೋಲಿಕೆ ಸುಲಭ. ವಿಷಯ ಇನ್ನೂ ಗಟ್ಟಿಯಾಗಿಲ್ಲ, ಒಂದು ಹೊಸ ಭಾಷೆ ಮೊದಲಿನಿಂದ ಕಲಿಯಬೇಕು ಎಂದಾದರೆ ಉದ್ದದ ಪಿಎಚ್.ಡಿ. ಒಳ್ಳೆಯದು. ಭಾಷೆ ಆಗಲೇ ಬರುತ್ತದೆ, ಯಾವ ಆರ್ಕೈವ್‌ಗೆ, ಅಂದರೆ ಹಳೆಯ ದಾಖಲೆಗಳ ಭಂಡಾರಕ್ಕೆ, ಹೋಗಬೇಕು ಎಂದು ಗೊತ್ತಿದೆ ಎಂದಾದರೆ ಚಿಕ್ಕದು ಸಾಕು. ಮೂರು ವರ್ಷದಲ್ಲಿ ಜಪಾನಿ ಭಾಷೆಯನ್ನು ಸೊನ್ನೆಯಿಂದ ಕಲಿತು 1950ರ ದಶಕದ ಒಸಾಕಾದ ಕಲಾಪತ್ರಿಕೆಗಳನ್ನು ಓದಿ ಪ್ರಬಂಧ ಮುಗಿಸುವುದು ಆಗದ ಮಾತು.

ಕೈಯಿಂದ ಹಣ ಹಾಕಿ, ಸಾಲ ಮಾಡಿ ಪಿಎಚ್.ಡಿ. ಮಾಡಬೇಡಿ. ಈ ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಕಾಯಂ ಪಾಠದ ಕೆಲಸಗಳು ಕಡಿಮೆ, ಅರ್ಜಿ ಹಾಕುವವರು ತುಂಬಾ ಜಾಸ್ತಿ. ಪದವಿ ಸಿಕ್ಕ ಮೇಲೂ ಕೆಲವು ವರ್ಷ ಒಂದು ವರ್ಷದ, ಎರಡು ವರ್ಷದ ಫೆಲೋಶಿಪ್‌ಗಳಲ್ಲಿ ದೇಶದಿಂದ ದೇಶಕ್ಕೆ ಓಡಾಡಬೇಕಾಗುತ್ತದೆ. ಸಾಲ ಹೊತ್ತುಕೊಂಡು ಈ ಓಡಾಟ ಮಾಡಿದವರು ಕಡೆಗೆ ತಮ್ಮ ವಿಷಯವನ್ನೇ ಬಿಟ್ಟುಬಿಡುತ್ತಾರೆ. ಅದು ಅವರಿಗೆ ಮಾತ್ರ ನಷ್ಟವಲ್ಲ. ಅವರು ಓದಿಕೊಂಡದ್ದನ್ನು ಮತ್ತೆ ಯಾರೋ ಮೊದಲಿನಿಂದ ಹುಡುಕಬೇಕು.

ಗೈಡ್ ಆರಿಸುವಾಗ ಅವರ ಪುಸ್ತಕಗಳಿಗಿಂತ ಅವರ ಹಳೆಯ ವಿದ್ಯಾರ್ಥಿಗಳನ್ನು ನೋಡಿ. ಅವರು ಈಗ ಎಲ್ಲಿದ್ದಾರೆ? ಎಷ್ಟು ವರ್ಷ ಹಿಡಿಯಿತು? ಗೈಡ್‌ಗೆ ನಿಮ್ಮ ಪ್ರದೇಶದ ಭಾಷೆ ಬಾರದೇ ಇರಬಹುದು. ಅದು ದೊಡ್ಡ ಅಡ್ಡಿಯಲ್ಲ. ಆದರೆ ಆ ಭಾಷೆಯಲ್ಲಿ ನೀವು ಬರೆದುಕೊಂಡ ಟಿಪ್ಪಣಿ ಸರಿಯೋ ತಪ್ಪೋ ಎಂದು ಹೇಳಬಲ್ಲ ಒಬ್ಬರಾದರೂ ಅದೇ ವಿಶ್ವವಿದ್ಯಾಲಯದಲ್ಲಿ ಇರಬೇಕು. ಏರಿಯಾ ಸ್ಟಡೀಸ್ (ಒಂದು ಪ್ರದೇಶದ ಭಾಷೆ, ಇತಿಹಾಸ, ಸಮಾಜವನ್ನು ಒಟ್ಟಿಗೆ ಓದುವ) ವಿಭಾಗ, ಒಳ್ಳೆಯ ಭಾಷಾ ವಿಭಾಗ ಇರುವ ಕಡೆ ಹೋಗಿ ಎಂದು ಹೇಳುವುದು ಇದಕ್ಕೇ.

ಇನ್ನೊಂದು ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ. ಚಿತ್ರಗಳ ಹಕ್ಕು. ಹಳೆಯ ಕಲೆ ಓದುವವರಿಗೆ ಈ ತೊಂದರೆ ಕಡಿಮೆ. ಆಧುನಿಕ ಕಲೆಯವರಿಗೆ ಹಾಗಲ್ಲ. ಬಹಳಷ್ಟು ದೇಶಗಳಲ್ಲಿ ಕಲಾವಿದ ತೀರಿಕೊಂಡ ಮೇಲೆ 70 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಪಿಕಾಸೊ ತೀರಿಕೊಂಡದ್ದು 1973ರಲ್ಲಿ. ಯುರೋಪಿನಲ್ಲಿ ಅವರ ಚಿತ್ರಗಳ ಹಕ್ಕು 2043ರ ಕೊನೆಯವರೆಗೂ ಇರುತ್ತದೆ. ನೀವು ಬರೆಯುವವರು ಅವರಿಗಿಂತ ಈಚಿನವರಾದರೆ ಪುಸ್ತಕದ ಪ್ರತಿ ಚಿತ್ರಕ್ಕೂ ಒಂದು ಪತ್ರ, ಎಷ್ಟೋ ಸಲ ಒಂದು ಬಿಲ್. ಪ್ರಬಂಧ ಬರೆಯುವಾಗಲೇ ಯಾರ ಹತ್ತಿರ ಹಕ್ಕು ಇದೆ ಎಂದು ಪಟ್ಟಿ ಮಾಡಿಟ್ಟುಕೊಂಡರೆ ಮುಂದೆ ಉಪಕಾರವಾಗುತ್ತದೆ.

ಮ್ಯೂಸಿಯಂ ದಾರಿ

ಕ್ಯೂರೇಟರ್ ಎಂದರೆ ಪ್ರದರ್ಶನ ಕಟ್ಟುವವರು ಎಂಬ ಚಿತ್ರ ಎಲ್ಲರ ಮನಸ್ಸಿನಲ್ಲಿದೆ. ಸಂಗ್ರಹ ಇರುವ ಮ್ಯೂಸಿಯಂನಲ್ಲಿ ದಿನದ ಹೆಚ್ಚಿನ ಹೊತ್ತು ಬೇರೆ ಕೆಲಸಕ್ಕೆ ಹೋಗುತ್ತದೆ. ಎರವಲು ಪತ್ರ, ವಿಮೆ, ಕೃತಿಯ ಸ್ಥಿತಿ ವರದಿ, ಖರೀದಿ ಸಮಿತಿಗೆ ಟಿಪ್ಪಣಿ, ದಾನಿಗಳ ಜೊತೆ ಮಾತುಕತೆ. ಇವು ಬೇಡ ಅನ್ನುವವರಿಗೆ ಈ ಕೆಲಸ ಆಗಿಬರುವುದಿಲ್ಲ. ಬರವಣಿಗೆಯೂ ಬೇರೆ ಥರದ್ದು. ಪ್ರಬಂಧದಲ್ಲಿ ನಲವತ್ತು ಪುಟದಲ್ಲಿ ಹೇಳಿದ್ದನ್ನು ಗೋಡೆಯ ಲೇಬಲ್‌ನಲ್ಲಿ ನೂರು ಪದದೊಳಗೆ, ಆ ಕಲಾವಿದರ ಹೆಸರನ್ನೇ ಕೇಳದವರಿಗೆ ತಿಳಿಯುವ ಹಾಗೆ ಹೇಳಬೇಕು. ನನ್ನ ಮಟ್ಟಿಗೆ ಇದು ಈ ಕ್ಷೇತ್ರದ ಅತಿ ಕಷ್ಟದ ಬರವಣಿಗೆ. ಇದಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಆದರೆ ಮ್ಯೂಸಿಯಂ ಮಾಡಬಲ್ಲ ಬದಲಾವಣೆಯನ್ನು ಪುಸ್ತಕ ಮಾಡಲಾರದು. 2013ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂ ಲೆಬನಾನಿನ ಕಲಾವಿದೆ ಸಲ್ವಾ ರೌದಾ ಶುಕೇರ್ ಅವರ ದೊಡ್ಡ ಪ್ರದರ್ಶನ ಮಾಡಿತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಅದೇ ವರ್ಷ ಅಲ್ಲೇ ಸೂಡಾನಿನ ಇಬ್ರಾಹಿಂ ಅಲ್-ಸಲಾಹಿ ಅವರದೂ ನಡೆಯಿತು. ನ್ಯೂಯಾರ್ಕಿನ ಗುಗ್ಗನ್‌ಹೈಮ್ ಮ್ಯೂಸಿಯಂನಲ್ಲಿ ಜಪಾನಿನ ಕಲಾವಿದರ ಗುತಾಯ್ ಗುಂಪಿನ ಪ್ರದರ್ಶನ ಆದದ್ದೂ ಆ ವರ್ಷವೇ. ಇಂಥ ಒಂದೊಂದು ಪ್ರದರ್ಶನದ ಹಿಂದೆ ವರ್ಷಗಟ್ಟಲೆ ಸಂಶೋಧನೆ ಇರುತ್ತದೆ. ಅದು ಮುಗಿದ ಮೇಲೆ ಪಠ್ಯಕ್ರಮ ಬದಲಾಗುತ್ತದೆ, ಬೇರೆ ಮ್ಯೂಸಿಯಂಗಳು ಆ ಕಲಾವಿದರನ್ನು ಹುಡುಕುತ್ತವೆ, ಕ್ಯಾಟಲಾಗ್ ಮುಂದಿನವರಿಗೆ ಆಧಾರವಾಗುತ್ತದೆ. 2019ರಲ್ಲಿ ಮೋಮಾ ಗೋಡೆಗಳನ್ನು ಹೊಸದಾಗಿ ಜೋಡಿಸಿದಾಗ ಪಿಕಾಸೊನ 1907ರ 'ಅವಿನ್ಯೋಂನ ಯುವತಿಯರು' ಇದ್ದ ಕೋಣೆಗೇ ಅಮೆರಿಕದ ಕಪ್ಪು ಕಲಾವಿದೆ ಫೇಯ್ತ್ ರಿಂಗ್‌ಗೋಲ್ಡ್ 1967ರಲ್ಲಿ ಬರೆದ ಜನಾಂಗ ಹಿಂಸೆಯ ದೊಡ್ಡ ಚಿತ್ರವನ್ನು ತಂದಿಟ್ಟರು. ಒಂದು ಗೋಡೆಯ ಮೇಲೆ ಆದ ಆ ತೀರ್ಮಾನವನ್ನು ಲಕ್ಷಾಂತರ ಜನ ನೋಡಿದರು.

ಮ್ಯೂಸಿಯಂಗಳ ನಕ್ಷೆಯೂ ಹಿಗ್ಗಿದೆ. ದೋಹಾದ ಮತ್‌ಹಫ್ 2010ರಲ್ಲಿ, ಸಿಂಗಪುರದ ನ್ಯಾಷನಲ್ ಗ್ಯಾಲರಿ 2015ರಲ್ಲಿ, ಕೇಪ್‌ಟೌನಿನ ಝೈಟ್ಸ್ ಮ್ಯೂಸಿಯಂ 2017ರಲ್ಲಿ, ಹಾಂಗ್‌ಕಾಂಗಿನ ಎಂ ಪ್ಲಸ್ 2021ರಲ್ಲಿ ತೆರೆದವು. ಕೆಲಸ ಹುಡುಕುವವರು ಲಂಡನ್, ನ್ಯೂಯಾರ್ಕ್ ಎಂದು ಎರಡೇ ಊರಿನ ಜಪ ಮಾಡಬೇಕಾಗಿಲ್ಲ. ಆಗ್ನೇಯ ಏಷ್ಯಾದ ಆಧುನಿಕ ಕಲೆಗೆ ಸಿಂಗಪುರದಷ್ಟು ದೊಡ್ಡ ಸಾರ್ವಜನಿಕ ಸಂಗ್ರಹ ಬೇರೆಲ್ಲೂ ಇಲ್ಲ.

ಸಂಬಳದ ಮಾತು ನೇರವಾಗಿ ಆಡಬೇಕು. 2019ರಲ್ಲಿ ಮ್ಯೂಸಿಯಂ ನೌಕರರು ಒಂದು ಆನ್‌ಲೈನ್ ಪಟ್ಟಿ ತೆರೆದು, ಹೆಸರು ಹಾಕದೆ ತಮ್ಮ ತಮ್ಮ ಸಂಬಳ ಬರೆಯತೊಡಗಿದರು. ಒಂದೇ ದರ್ಜೆಯ ಕೆಲಸಕ್ಕೆ ಎಷ್ಟು ಅಂತರ ಇದೆ ಎಂದು ಅದರಿಂದ ಎಲ್ಲರಿಗೂ ಕಂಡಿತು. ಅದೇ ವರ್ಷ ಉತ್ತರ ಅಮೆರಿಕದ ಮ್ಯೂಸಿಯಂ ನಿರ್ದೇಶಕರ ಸಂಘ, ಇಂಟರ್ನ್‌ಗಳಿಗೆ ಹಣ ಕೊಡಿ ಎಂದು ತನ್ನ ಸದಸ್ಯರಿಗೆ ಹೇಳಿತು. ಅಲ್ಲಿಯವರೆಗೆ ಸುಮ್ನೆ ದುಡಿಸಿಕೊಳ್ಳುವುದು ವಾಡಿಕೆಯಾಗಿತ್ತು. ಮನೆಯಿಂದ ಹಣ ಬರುವವರು ಮಾತ್ರ ಒಳಗೆ ಕಾಲಿಡುವ ಹಾಗಾಗಿತ್ತು. ಸಂಬಳವಿಲ್ಲದ ಇಂಟರ್ನ್‌ಶಿಪ್ ಕಂಡರೆ ಅದು ಎಷ್ಟು ದೊಡ್ಡ ಹೆಸರಿನದಾದರೂ ಬಿಟ್ಟುಬಿಡಿ ಎಂದೇ ನಾನು ಹೇಳುತ್ತೇನೆ.

ವಿಶ್ವವಿದ್ಯಾಲಯಕ್ಕೂ ಮ್ಯೂಸಿಯಂಗೂ ಇರುವ ದೊಡ್ಡ ವ್ಯತ್ಯಾಸ ನನಗೆ ಕಾಣುವುದು ಸಮಯದಲ್ಲಿ. ಪ್ರಾಧ್ಯಾಪಕರು ಒಂದು ಪ್ರಶ್ನೆಯನ್ನು ಎಂಟು ವರ್ಷ ಹಿಡಿದುಕೊಳ್ಳಬಹುದು, ಉತ್ತರ ಬದಲಿಸಬಹುದು. ಕ್ಯೂರೇಟರ್‌ಗೆ ಬಾಗಿಲು ತೆರೆಯುವ ದಿನ ಮೊದಲೇ ಗೊತ್ತಾಗಿರುತ್ತದೆ. ಬದಲಿಗೆ ಕ್ಯೂರೇಟರ್‌ಗೆ ಕೃತಿಯ ಹಿಂಬದಿ ನೋಡುವ ಭಾಗ್ಯ ಇದೆ. ಕ್ಯಾನ್ವಾಸಿನ ಹಿಂದೆ ಅಂಟಿಸಿದ ಹಳೆಯ ಚೀಟಿ, ಯಾವುದೋ ಪ್ರದರ್ಶನದ ಸೀಲು, ಕಲಾವಿದರು ಪೆನ್ಸಿಲ್ಲಿನಲ್ಲಿ ಬರೆದ ಊರಿನ ಹೆಸರು, ಇವನ್ನೆಲ್ಲ ಫೋಟೋದಲ್ಲಿ ನೋಡಿ ಬರೆಯುವವರಿಗೆ ಗೊತ್ತೇ ಆಗದ ಸಂಗತಿಗಳು. ವಸ್ತು ಮುಂದೆ ಇದ್ದರೆ ಮಾತ್ರ ನಿಮಗೆ ಯೋಚನೆ ಹುಟ್ಟುತ್ತದೆ ಎಂದಾದರೆ ಮ್ಯೂಸಿಯಂ. ಪ್ರಶ್ನೆ ಮುಂದೆ ಇದ್ದರೆ ಹುಟ್ಟುತ್ತದೆ ಎಂದಾದರೆ ವಿಶ್ವವಿದ್ಯಾಲಯ.

ಒಂದು ಮಾತು ಗಮನದಲ್ಲಿರಲಿ. ಅಮೆರಿಕದ ದೊಡ್ಡ ಮ್ಯೂಸಿಯಂಗಳಲ್ಲಿ ಮೇಲಿನ ಹುದ್ದೆಗೆ ಹೆಚ್ಚಾಗಿ ಪಿಎಚ್.ಡಿ. ಕೇಳುತ್ತಾರೆ. ಬೇರೆ ಎಷ್ಟೋ ಕಡೆ ಎಂ.ಎ. ಜೊತೆ ಅನುಭವ ಇದ್ದರೆ ಸಾಕು. ಹಾಗಾಗಿ ಎರಡೂ ದಾರಿ ಪೂರ್ತಿ ಬೇರೆಯಲ್ಲ.

ಆರ್ಕೈವ್: ನಾನು ಮೊದಲು ಹೇಳುವ ಹೆಸರು

ಎಳೆಯರು ಬಂದು ಕೇಳಿದರೆ ಆರ್ಕೈವ್‌ನಿಂದ ಶುರು ಮಾಡಿ ಎನ್ನುತ್ತೇನೆ. ಬಹಳ ಜನಕ್ಕೆ ಇದು ಸಪ್ಪೆ ಅನಿಸುತ್ತದೆ. ಆದರೆ ಜಗತ್ತಿನ ಆಧುನಿಕ ಕಲೆಯ ಇತಿಹಾಸ ಈಗ ನಿಜವಾಗಿ ಕಟ್ಟಿಕೊಳ್ಳುತ್ತಿರುವುದು ಇಲ್ಲಿ.

ಕಾರಣ ಸರಳ. ಪ್ಯಾರಿಸ್ಸಿನ ಕಲಾವಿದರ ಪತ್ರಗಳು, ಪ್ರದರ್ಶನದ ಕರಪತ್ರಗಳು ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಖಾರ್ತೂಮ್, ಮನಿಲಾ, ಕರಾಚಿ, ಲಿಮಾದ ಕಲಾವಿದರ ಕಾಗದಗಳು ಎಷ್ಟೋ ಸಲ ಮನೆಯ ಟ್ರಂಕಿನಲ್ಲಿವೆ. ಮನೆ ಮಾರಿದಾಗ, ಯುದ್ಧವಾದಾಗ, ಗೆದ್ದಲು ಹತ್ತಿದಾಗ ಅವು ಹೋಗುತ್ತವೆ. ಅವು ಹೋದರೆ ಎಷ್ಟು ಸಿದ್ಧಾಂತ ಓದಿದರೂ ಇತಿಹಾಸ ಬರೆಯಲಾಗದು. ಇದನ್ನು ಅರಿತ ಕೆಲವರು ಕೆಲಸ ಶುರು ಮಾಡಿದರು. 2000ದಲ್ಲಿ ಹಾಂಗ್‌ಕಾಂಗಿನಲ್ಲಿ ಏಷ್ಯಾ ಆರ್ಟ್ ಆರ್ಕೈವ್ ಹುಟ್ಟಿತು. ವಿಮರ್ಶಕಿ ಗೀತಾ ಕಪೂರ್ ಮತ್ತು ಕಲಾವಿದ ವಿವಾನ್ ಸುಂದರಂ ಅವರ ಸಂಗ್ರಹವನ್ನು ಅದು ಡಿಜಿಟಲ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಹ್ಯೂಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿರುವ ಸಂಶೋಧನಾ ಕೇಂದ್ರವೊಂದು ಲ್ಯಾಟಿನ್ ಅಮೆರಿಕದ ಕಲೆಯ ದಾಖಲೆಗಳಿಗೆ ಇಂಥದೇ ಕೆಲಸ ಮಾಡಿದೆ. ಈಗ ಜಗತ್ತಿನ ಯಾವ ಮೂಲೆಯ ವಿದ್ಯಾರ್ಥಿಯೂ ಬ್ಯೂನಸ್ ಐರಿಸ್‌ನ ಕಲಾವಿದರ ಹಳೆಯ ಪ್ರಣಾಳಿಕೆಯನ್ನು ಮೂಲದಲ್ಲೇ ಓದಬಹುದು.

ಇಲ್ಲಿನ ಕೆಲಸ ಏನು? ಕುಟುಂಬದವರ ನಂಬಿಕೆ ಗಳಿಸುವುದು. ಕಾಗದಗಳನ್ನು ಪಟ್ಟಿ ಮಾಡಿ, ಸ್ಕ್ಯಾನ್ ಮಾಡಿ, ತಾರೀಕು ಇಲ್ಲದ ಫೋಟೋಗೆ ತಾರೀಕು ಹುಡುಕುವುದು. ಹಿರಿಯ ಕಲಾವಿದರನ್ನು ಮಾತನಾಡಿಸಿ ರೆಕಾರ್ಡ್ ಮಾಡುವುದು. ಒಬ್ಬರ ಹೆಸರನ್ನು ಐದು ಥರ ಬರೆದಿದ್ದರೆ ಅವರೆಲ್ಲ ಒಬ್ಬರೇ ಎಂದು ಸ್ಥಾಪಿಸುವುದು. ಭಾಷೆ ಬರುವವರಿಗೆ ಇಲ್ಲಿ ನಿಜವಾದ ಬೆಲೆ ಇದೆ. ಗ್ರಂಥಾಲಯ ವಿಜ್ಞಾನದ ಒಂದು ಡಿಪ್ಲೊಮಾವೋ ಕೋರ್ಸೋ ಜೊತೆಗಿದ್ದರೆ ಕೆಲಸ ಸಿಗುವುದು ಇನ್ನೂ ಸುಲಭ.

ಕೊರತೆ ಇಲ್ಲವೇ? ಇದೆ. ಹಣ ಹೆಚ್ಚಾಗಿ ಯೋಜನೆಗಳ ಲೆಕ್ಕದಲ್ಲಿ ಬರುತ್ತದೆ. ಯೋಜನೆ ಮುಗಿದರೆ ಕೆಲಸವೂ ಮುಗಿಯಬಹುದು. ನೀವು ಜೋಡಿಸಿಟ್ಟ ದಾಖಲೆಯ ಮೇಲೆ ಇನ್ಯಾರೋ ಪುಸ್ತಕ ಬರೆದು ಹೆಸರು ಪಡೆಯುತ್ತಾರೆ. ಕೆಲಸಕ್ಕೆ ಸೇರುವಾಗಲೇ, ಈ ದಾಖಲೆಗಳ ಮೇಲೆ ನಾನೂ ಬರೆಯಬಹುದೇ ಎಂದು ಕೇಳಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಒಳ್ಳೆಯ ಸಂಸ್ಥೆಗಳು ಬೇಡ ಅನ್ನುವುದಿಲ್ಲ. ಎರಡು ವರ್ಷ ಆರ್ಕೈವ್‌ನಲ್ಲಿ ದುಡಿದು ಪಿಎಚ್.ಡಿ.ಗೆ ಅರ್ಜಿ ಹಾಕಿದವರ ಪ್ರಸ್ತಾವ ಓದಿದರೆ ಫರಕು ತಕ್ಷಣ ಗೊತ್ತಾಗುತ್ತದೆ. ಅವರ ಕೈಯಲ್ಲಿ ಬೇರೆ ಯಾರೂ ನೋಡದ ವಸ್ತು ಇರುತ್ತದೆ.

ಸ್ವತಂತ್ರ ಕ್ಯೂರೇಟರ್, ಬಿನಾಲೆ

ವೆನಿಸ್ ಬಿನಾಲೆ 1895ರಿಂದ ಇದೆ. ಬ್ರೆಜಿಲ್‌ನ ಸಾವ್ ಪೌಲೊ ಬಿನಾಲೆ 1951ರಲ್ಲಿ, ಜರ್ಮನಿಯ ಕಾಸೆಲ್‌ನಲ್ಲಿ ನಡೆಯುವ ದೊಡ್ಡ ಪ್ರದರ್ಶನ ಡಾಕ್ಯುಮೆಂಟಾ 1955ರಲ್ಲಿ, ದಕ್ಷಿಣ ಕೊರಿಯಾದ ಗ್ವಾಂಗ್ಜು ಬಿನಾಲೆ 1995ರಲ್ಲಿ ಬಂದವು. ಈ ಜಗತ್ತಿನಲ್ಲಿ ಎಲ್ಲರೂ ನೆನೆಯುವ ಹೆಸರು ಒಕ್ವುಯಿ ಎನ್ವೆಜರ್. ನೈಜೀರಿಯಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ರಾಜ್ಯಶಾಸ್ತ್ರ ಓದಿದವರು. 1994ರಲ್ಲಿ ಆಫ್ರಿಕದ ಸಮಕಾಲೀನ ಕಲೆಗೆಂದೇ ಗೆಳೆಯರ ಜೊತೆ ಒಂದು ಪತ್ರಿಕೆ ತೆಗೆದರು. 1997ರಲ್ಲಿ ಜೊಹಾನ್ಸ್‌ಬರ್ಗ್ ಬಿನಾಲೆ ಮಾಡಿದರು. 2002ರ ಡಾಕ್ಯುಮೆಂಟಾಕ್ಕೆ ಯುರೋಪಿನ ಹೊರಗಿನ ಮೊದಲ ನಿರ್ದೇಶಕರಾದರು. ಪ್ರದರ್ಶನವನ್ನು ಕಾಸೆಲ್‌ಗೆ ಮಾತ್ರ ಸೀಮಿತ ಮಾಡದೆ ವಿಯೆನ್ನಾ, ನವದೆಹಲಿ, ಸೇಂಟ್ ಲೂಸಿಯಾ, ಲಾಗೋಸ್‌ನಲ್ಲಿ ಚರ್ಚೆಗಳನ್ನು ನಡೆಸಿದರು. 2015ರಲ್ಲಿ ವೆನಿಸ್ ಕೂಡ ಅವರ ಕೈಗೆ ಬಂತು. ಕಲಾ ಇತಿಹಾಸದ ಪದವಿ ಇಲ್ಲದೆಯೂ ಈ ಕ್ಷೇತ್ರವನ್ನೇ ತಿರುಗಿಸಬಹುದು ಎನ್ನುವುದಕ್ಕೆ ಅವರ ಬದುಕು ಸಾಕ್ಷಿ.

ಈ ದಾರಿಯಲ್ಲಿ ಉತ್ಸಾಹ ಬಹಳ, ಭದ್ರತೆ ಬಹಳ ಕಡಿಮೆ. ಒಂದು ಪ್ರದರ್ಶನದ ಶುಲ್ಕ ಮುಗಿಯುವ ಹೊತ್ತಿಗೆ ಇನ್ನೊಂದು ಗೊತ್ತಾಗಿರಬೇಕು. ವೀಸಾ ಸಿಗದೆ ಕೈತಪ್ಪಿದ ಅವಕಾಶಗಳ ಕಥೆ ಈ ವೃತ್ತಿಯವರ ಬಳಿ ಬೇಕಾದಷ್ಟಿವೆ. ಬೇರೆ ಆದಾಯ ಇಲ್ಲದಿದ್ದರೆ ಇದನ್ನೇ ಮೊದಲ ಕೆಲಸ ಮಾಡಿಕೊಳ್ಳಬೇಡಿ. ಸಂಸ್ಥೆಯೊಂದರಲ್ಲಿ ಕೆಲವು ವರ್ಷ ಇದ್ದು, ಸಾಗಾಟ, ಬಜೆಟ್, ಒಪ್ಪಂದ ಕಲಿತು ಆಮೇಲೆ ಹೊರಗೆ ಬಂದವರು ಜಾಸ್ತಿ ದಿನ ಉಳಿಯುತ್ತಾರೆ. ಕ್ಯೂರೇಟರ್ ತರಬೇತಿ ಕೊಡುವ ಕಾರ್ಯಕ್ರಮಗಳಿವೆ. ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನದು 1968ರಲ್ಲಿ, ಆಮ್‌ಸ್ಟರ್‌ಡಾಮಿನ ಕಲಾಕೇಂದ್ರ ಡಿ ಆಪೆಲ್‌ನದು 1994ರಲ್ಲಿ ಶುರುವಾದವು. ಇಂಥ ಕಡೆ ಪಾಠಕ್ಕಿಂತ ಸಹಪಾಠಿಗಳು ಮುಖ್ಯ. ಮುಂದಿನ ಇಪ್ಪತ್ತು ವರ್ಷ ಒಟ್ಟಿಗೆ ಕೆಲಸ ಮಾಡುವವರು ಅವರೇ.

2022ರ ಡಾಕ್ಯುಮೆಂಟಾದಿಂದ ಈ ದಾರಿಯವರು ಕಲಿಯಬೇಕಾದ್ದು ಬಹಳ ಇದೆ. ಇಂಡೊನೇಷ್ಯಾದ ರುವಾಂಗ್‌ರೂಪಾ ತಂಡ ಅದರ ಹೊಣೆ ಹೊತ್ತಿತ್ತು. ಇಂಡೊನೇಷ್ಯಾದ್ದೇ ಇನ್ನೊಂದು ಗುಂಪು 2002ರಲ್ಲಿ ಮಾಡಿದ್ದ ಬ್ಯಾನರ್ ಒಂದನ್ನು ಅಲ್ಲಿ ಕಟ್ಟಿದರು. ಇಂಡೊನೇಷ್ಯಾದ ಸರ್ವಾಧಿಕಾರಿ ಸುಹಾರ್ತೊ ಆಳ್ವಿಕೆಯ ಹಿಂಸೆಯ ವಿರುದ್ಧ ಮಾಡಿದ ಕೃತಿ ಅದು. ಅದರಲ್ಲಿ ಯಹೂದಿಗಳನ್ನು ಹೀನಾಯವಾಗಿ ತೋರಿಸುವ ಚಿತ್ರಗಳಿದ್ದವು. ಪ್ರದರ್ಶನ ತೆರೆದ ಕೆಲವೇ ದಿನಗಳಲ್ಲಿ ಅದನ್ನು ಇಳಿಸಬೇಕಾಯಿತು. ಆ ಚಿತ್ರಗಳು ಎಲ್ಲಿಂದ ಜಾವಾಕ್ಕೆ ಬಂದವು, ಜರ್ಮನಿಯಲ್ಲಿ ಅವನ್ನು ಕಂಡವರಿಗೆ ಏನಾಗುತ್ತದೆ ಎಂದು ಎರಡೂ ಇತಿಹಾಸ ಬಲ್ಲ ಒಬ್ಬರು ಮೊದಲೇ ಕೂತು ನೋಡಬೇಕಿತ್ತು. ಈ ಕ್ಷೇತ್ರದ ಓದಿನ ಹೊಣೆ ಇಷ್ಟು ಭಾರದ್ದು.

ಹರಾಜು ಸಂಸ್ಥೆ, ಗ್ಯಾಲರಿ ಮತ್ತು ಬರವಣಿಗೆ

ಮಾರುಕಟ್ಟೆಯ ಕೆಲಸವನ್ನು ಕೀಳಾಗಿ ನೋಡುವ ಅಭ್ಯಾಸ ಓದಿದವರಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಹರಾಜು ಸಂಸ್ಥೆಯಲ್ಲಿ ಒಂದು ವರ್ಷದಲ್ಲಿ ಕಣ್ಣೆದುರು ಹಾದುಹೋಗುವಷ್ಟು ಕೃತಿಗಳು ಬೇರೆಲ್ಲೂ ಸಿಗುವುದಿಲ್ಲ. ಕಣ್ಣು ಬೇಗ ಪಳಗುತ್ತದೆ. ಆದರೆ ಬರೆಯುವ ಸ್ವಾತಂತ್ರ್ಯ ಕಡಿಮೆ. ಮಾರಬೇಕಾದ ಚಿತ್ರದ ಬಗ್ಗೆ ಅನುಮಾನ ಬರೆಯುವುದು ಕಷ್ಟ. ಆ ಅನುಮಾನವನ್ನು ನುಂಗಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ನೋಡ್ಲರ್ ಗ್ಯಾಲರಿ ಇದೆ. ನೂರೈವತ್ತು ವರ್ಷ ದಾಟಿದ ಗ್ಯಾಲರಿ. ಅಮೆರಿಕದ ಅಮೂರ್ತ ಕಲಾವಿದರ ಹೆಸರಿನಲ್ಲಿ ನಕಲಿ ಚಿತ್ರಗಳನ್ನು ಮಾರಿದ್ದು ಹೊರಬಿದ್ದ ಹೊತ್ತಿಗೆ, 2011ರಲ್ಲಿ ಬಾಗಿಲು ಮುಚ್ಚಿತು. ಒಂದು ಚಿತ್ರದಲ್ಲಿ ಕಲಾವಿದ ಜಾಕ್ಸನ್ ಪೊಲಾಕ್ ಅವರ ಸಹಿಯ ಸ್ಪೆಲಿಂಗೇ ತಪ್ಪಾಗಿತ್ತು.

ಇದರ ಪಕ್ಕದಲ್ಲೇ ಬೆಳೆಯುತ್ತಿರುವ ಕೆಲಸ, ಕೃತಿಗಳು ಯಾರ ಕೈಯಿಂದ ಯಾರ ಕೈಗೆ ಬಂದವು ಎಂದು ಹುಡುಕುವುದು. ನಾಜಿಗಳು ದೋಚಿದ ಕಲೆಯ ಬಗ್ಗೆ 1998ರಲ್ಲಿ ವಾಷಿಂಗ್ಟನ್‌ನಲ್ಲಿ 44 ದೇಶಗಳು ಕೆಲವು ತತ್ವಗಳಿಗೆ ಒಪ್ಪಿದವು. ಅಂದಿನಿಂದ ಮ್ಯೂಸಿಯಂಗಳಿಗೂ ಹರಾಜು ಸಂಸ್ಥೆಗಳಿಗೂ ಇಂಥವರು ಬೇಕಾಗಿದ್ದಾರೆ. ವಸಾಹತುಗಳಿಂದ ಹೊತ್ತೊಯ್ದ ವಸ್ತುಗಳ ವಿಚಾರ ಬಂದ ಮೇಲೆ ಇನ್ನೂ ಬೇಕಾಗಿದ್ದಾರೆ. ಪತ್ತೇದಾರಿಕೆ ಇಷ್ಟವಿದ್ದು, ಹಳೆಯ ಕೈಬರಹ ಓದಲು ಬರುವವರಿಗೆ ಇದು ಒಳ್ಳೆಯ ದಾರಿ.

ಕಲಾ ವಿಮರ್ಶೆಯೊಂದರಿಂದಲೇ ಹೊಟ್ಟೆ ತುಂಬುವುದಿಲ್ಲ. ಆದರೂ ಮೇಲಿನ ಯಾವ ಕೆಲಸದಲ್ಲಿದ್ದರೂ ಬರೆಯುತ್ತಿರಿ. ಮುಂದಿನ ಕೆಲಸ ಕೊಡುವವರು ನಿಮ್ಮನ್ನು ಹುಡುಕುವುದು ಆ ಬರಹಗಳ ಮೂಲಕ.

ಎಂ.ಎ., ಭಾಷೆ, ಕಾಲ

ಎಂ.ಎ. ಒಂದು ವರ್ಷದ್ದೋ, ಎರಡು ವರ್ಷದ್ದೋ? ಒಂದು ವರ್ಷದ್ದರಲ್ಲಿ ಖರ್ಚು ಕಡಿಮೆ ಎನ್ನುತ್ತಾರೆ. ಆದರೆ ಕ್ಯಾಲೆಂಡರ್ ನೋಡಿ. ತರಗತಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಶುರುವಾದರೆ ಅಮೆರಿಕದ ಪಿಎಚ್.ಡಿ. ಅರ್ಜಿಗಳು ಡಿಸೆಂಬರ್, ಜನವರಿ ಹೊತ್ತಿಗೆ ಹೋಗಬೇಕು. ಅಷ್ಟರಲ್ಲಿ ನಿಮ್ಮ ಬರಹವನ್ನು ಒಬ್ಬ ಮೇಷ್ಟರೂ ನೆಟ್ಟಗೆ ಓದಿರುವುದಿಲ್ಲ. ಶಿಫಾರಸು ಪತ್ರ ಯಾರು ಬರೆಯುತ್ತಾರೆ? ಪಿಎಚ್.ಡಿ. ಗುರಿ ಇದ್ದರೆ ಎರಡು ವರ್ಷದ್ದೇ ಸರಿ. ಮ್ಯೂಸಿಯಂ ಕೆಲಸಕ್ಕೆ ಪದವಿ ಬೇಕು ಅಷ್ಟೇ ಎಂದಾದರೆ ಒಂದು ವರ್ಷ ಸಾಕು.

ಭಾಷೆ ಆರಿಸುವಾಗ ಕಾಗದ ಎಲ್ಲಿದೆ ಎಂದು ಯೋಚಿಸಿ. ಸೆನೆಗಲ್ ಓದುವವರಿಗೆ ಫ್ರೆಂಚ್ ಜೊತೆಗೆ ವೊಲಾಫ್. ಬ್ರೆಜಿಲ್‌ಗೆ ಪೋರ್ಚುಗೀಸ್ ಮತ್ತು ನೆರೆಯವರಿಗಾಗಿ ಸ್ಪ್ಯಾನಿಷ್. ಹಳೆಯ ಪತ್ರಕ್ಕೆ ಓದಲು ಬಂದರೆ ಸಾಕು, ಬದುಕಿರುವ ಕಲಾವಿದರಿಗೆ ಮಾತನಾಡಲೂ ಬರಬೇಕು. ಮನೆಯಲ್ಲಿ ಆಡುವ ಭಾಷೆಯೂ ಒಂದು ಸಂಶೋಧನಾ ಭಾಷೆ. ಅದನ್ನು ಅರ್ಜಿಯಲ್ಲಿ ಬರೆಯಲು ಎಷ್ಟೋ ಜನ ಹಿಂಜರಿಯುತ್ತಾರೆ. ಹಿಂಜರಿಯಬೇಡಿ.

ಇನ್ನು ಕಾಲ. ಇವತ್ತಿನ ಕಲೆಯೇ ಬೇಕು ಎನ್ನುವವರು ಬಹಳ ಜನ. ಅಲ್ಲಿ ನೂಕುನುಗ್ಗಲು ಹೆಚ್ಚು. ಕಲಾವಿದರೂ ಅವರ ಗ್ಯಾಲರಿಯವರೂ ತಮ್ಮ ಕಥೆಯನ್ನು ತಮಗೆ ಬೇಕಾದ ಹಾಗೇ ಹೇಳಿಸಲು ನೋಡುತ್ತಾರೆ. ಎರಡೂ ಕಡೆ ಸಮನಾಗಿ ಮನಸ್ಸು ಎಳೆಯುತ್ತಿದ್ದರೆ 1945ರಿಂದ 1980ರವರೆಗಿನ ಕಾಲ ಆರಿಸಿಕೊಳ್ಳಿ. ಹೊಸದಾಗಿ ಸ್ವತಂತ್ರವಾದ ದೇಶಗಳು ತಮ್ಮ ಆಧುನಿಕತೆ ಯಾವುದು ಎಂದು ಕೇಳಿಕೊಂಡ ವರ್ಷಗಳು ಅವು. ನೈಜೀರಿಯಾದ ಝಾರಿಯಾದಲ್ಲಿ 1958ರಲ್ಲಿ ಕಾಲೇಜು ಹುಡುಗರು ಒಂದು ಸಂಘ ಕಟ್ಟಿ, ಕಲಿತದ್ದನ್ನೂ ಮನೆಯಿಂದ ಬಂದದ್ದನ್ನೂ ಬೆಸೆಯುವುದು ಹೇಗೆ ಎಂದು ವಾದ ಮಾಡಿದರು. ಅಂಥ ಗುಂಪುಗಳು ಊರೂರಲ್ಲಿ ಇದ್ದವು. ಅವುಗಳಲ್ಲಿ ಬಹಳಷ್ಟರ ಬಗ್ಗೆ ಒಂದು ಸರಿಯಾದ ಪುಸ್ತಕ ಇಲ್ಲ. ಅಂದು ಅಲ್ಲಿದ್ದವರಲ್ಲಿ ಕೆಲವರು ಇನ್ನೂ ಇದ್ದಾರೆ. ಅವರ ಬಳಿಗೆ ಹೋಗುವುದನ್ನು ಪದವಿ ಸಿಗುವ ತನಕ ಮುಂದೂಡಬೇಡಿ.

ಇಷ್ಟು ಓದಿಯೂ ಯಾವ ದಾರಿ ಎಂದು ತೋಚದಿದ್ದರೆ ಒಂದು ಕೆಲಸ ಮಾಡಿ. ನಿಮಗೆ ಕಣ್ಣಾರೆ ನೋಡಲು ಸಿಗುವ, ಹೆಚ್ಚು ಯಾರೂ ಬರೆಯದ ಒಂದು ಆಧುನಿಕ ಕೃತಿಯನ್ನು ಆರಿಸಿ. ಅದರ ಬಗ್ಗೆ ಮೂರು ಸಾವಿರ ಪದ ಬರೆಯಿರಿ. ಆಮೇಲೆ ಅದನ್ನೇ ಗೋಡೆಯ ಲೇಬಲ್‌ಗೆ ನೂರು ಪದಕ್ಕೆ ಇಳಿಸಿ. ಕೃತಿ ಯಾರ ಯಾರ ಕೈ ದಾಟಿ ಬಂತು ಎಂದು ಒಂದು ಪುಟ ಮಾಡಿ. ಕಲಾವಿದರನ್ನೋ ಅವರನ್ನು ಬಲ್ಲವರನ್ನೋ ಒಂದು ಗಂಟೆ ಮಾತನಾಡಿಸಿ, ಅದನ್ನು ಬರಹಕ್ಕೆ ಇಳಿಸಿ. ಈ ನಾಲ್ಕರಲ್ಲಿ ಯಾವುದನ್ನು ಯಾರೂ ಹೇಳದಿದ್ದರೂ ಮತ್ತೆ ಮಾಡುತ್ತೀರಿ ಎಂದು ನಿಮಗೇ ತಿಳಿಯುತ್ತದೆ. ಮೂರು ಸಾವಿರ ಪದದ ಬರಹವನ್ನು ಹಾಗೇ ಇಟ್ಟುಕೊಳ್ಳಿ. ಬಹಳಷ್ಟು ಅರ್ಜಿಗಳು ಒಂದು ಬರಹದ ಮಾದರಿ ಕೇಳುತ್ತವೆ.